ಶಾಂತವೀರಪ್ಪನವರ ಹೆಸರಿನ ಮುಂದಿನ ಸಾಲು

ಶಾಂತವೀರಪ್ಪನವರಿಗೆ ಟೈಪ್ ಮಾಡಲು ಕಣ್ಣು ಬೇಕಿರಲಿಲ್ಲ. ಕೊಪ್ಪದ ಟೈಪಿಂಗ್ ಶಾಲೆಯಲ್ಲಿ ಕಲಿಯುವಾಗ ಮೇಷ್ಟ್ರು ಕೀಲಿಗಳ ಮೇಲೆ ಕರವಸ್ತ್ರ ಹಾಸಿ ಕೂರಿಸುತ್ತಿದ್ದರಂತೆ. ಕೆಳಗೆ ಬಗ್ಗಿ ನೋಡಿದವರ ಬೆರಳಿಗೆ ರೂಲುದೊಣ್ಣೆಯ ಏಟು. ಹಾಗೆ ಪಳಗಿದ ಕೈಯನ್ನು ನಂಬಿಕೊಂಡು ೧೯೮೧ರಲ್ಲಿ ಅವರು ನರಸಿಂಹರಾಜಪುರದ ಒಂದು ಅನುದಾನಿತ ಕಾಲೇಜಿನ ಲೈಬ್ರರಿಗೆ ಟೈಪಿಸ್ಟ್ ಆಗಿ ಸೇರಿದರು. ಲೈಬ್ರರಿಗೆ ಬಂದ ಒಂದೊಂದು ಪುಸ್ತಕಕ್ಕೂ ಒಂದು ಕಾರ್ಡು. ಪುಸ್ತಕದ ಹೆಸರು, ಬರೆದವರು, ವಿಷಯದ ಸಂಖ್ಯೆ, ಯಾವ ಬೀರು, ಎಷ್ಟನೇ ಖಾನೆ. ಇಪ್ಪತ್ತಾರು ವರ್ಷದಲ್ಲಿ ಇಪ್ಪತ್ತೆರಡು ಸಾವಿರ ಕಾರ್ಡು ಅವರ ಬೆರಳ ಕೆಳಗಿಂದ ಹೋಗಿ ಮರದ ಡ್ರಾಯರುಗಳಲ್ಲಿ ಕೂತಿದ್ದವು. ಒಂದರಲ್ಲೂ ಹೊಡೆದು ತಿದ್ದಿದ ಗುರುತಿಲ್ಲ. ತಪ್ಪಾದ ಕಾರ್ಡನ್ನು ಅವರು ಹರಿದು ಜೇಬಿಗೆ ಹಾಕಿಕೊಂಡು ಹೋಗಿ ಮನೆಯ ಒಲೆಗೆ ಹಾಕುತ್ತಿದ್ದರು. ಕಾಲೇಜಿನ ಕಸದ ಬುಟ್ಟಿಯಲ್ಲಿ ತಮ್ಮ ತಪ್ಪು ಬಿದ್ದಿರುವುದೂ ಅವರಿಗೆ ಸರಿಬರುತ್ತಿರಲಿಲ್ಲ.

ಮದುವೆ ಆಗಿರಲಿಲ್ಲ. ಬಾಳೆಹೊನ್ನೂರಿನ ಹತ್ತಿರ, ಬಸ್ಸಿಳಿದು ಕಾಲು ಮೈಲಿ ನಡೆದರೆ ಸಿಗುವ ಹೆಂಚಿನ ಎರಡು ಕೋಣೆಯಲ್ಲಿ, ಗಂಡ ತೀರಿಕೊಂಡ ಅಕ್ಕ ಕರಿಯಕ್ಕನ ಜೊತೆ ಇದ್ದರು. ಹಣೆಗೆ ಮೂರು ಗೆರೆ ವಿಭೂತಿ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಕೈಯಲ್ಲಿ ಕೊಡೆ. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಬಂದರೆ ಸಂಜೆ ಐದೂಕಾಲಿನ ಬಸ್ಸಿಗೆ ವಾಪಸ್ಸು.

ಗಂಗಾಂಬಿಕೆ ಅದೇ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್. ಮೂವತ್ತಮೂರು ವಯಸ್ಸು. ೨೦೦೭ರ ಕೊನೆಗೆ ಆಡಳಿತ ಮಂಡಳಿಯವರು ಲೈಬ್ರರಿಯ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ತೀರ್ಮಾನ ಮಾಡಿದಾಗ ಇಬ್ಬರಿಗೂ ಒಂದೇ ಕಡೆ ಕೆಲಸ ಬಿತ್ತು. ಯಂತ್ರ ನೋಡಿಕೊಳ್ಳುವುದು ಅವಳು, ಕಾರ್ಡು ಏರಿಸುವುದು ಅವರು.

ಯಂತ್ರವನ್ನು ಕೂರಿಸಿದ್ದು ಶಿವಮೊಗ್ಗದಿಂದ ಬಂದ ಪ್ರಶಾಂತ ಎನ್ನುವವನು. ಲೈಬ್ರರಿಯ ಮೂಲೆಯಲ್ಲಿ ಮೇಜು ಹಾಕಿಸಿ, ಯಂತ್ರದಲ್ಲಿ ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ತುಂಬಿದ. ಅದು ಎಲ್ಲ ಕಡೆ ಇರುವ ಲಿನಕ್ಸ್ ಅಲ್ಲ, ಹೊಸ ತರದ್ದು. ಹೋಗುವ ಮುಂಚೆ ಗಂಗಾಂಬಿಕೆಯನ್ನು ಕೂರಿಸಿಕೊಂಡು ಹೇಳಿಕೊಟ್ಟ.

"ಈ ಮೆಷೀನು ಹೆಂಗಿರಬೇಕು ಅನ್ನೋದು ಪೂರಾ ಈ ಒಂದೇ ಫೈಲಲ್ಲಿ ಇರತ್ತೆ ಮೇಡಂ. ಯಾವ್ಯಾವ ಪ್ರೋಗ್ರಾಂ ಇರ್ಬೇಕು, ಯಾರ್ಯಾರು ಯೂಸರ್ಸು, ಯಾರಿಗೆ ಯಾವ ಶೆಲ್ಲು, ಎಲ್ಲಾ. ಬರ್ದು ಒಂದು ಕಮಾಂಡ್ ಕೊಟ್ರೆ ಮೆಷೀನು ತಾನೇ ಹಂಗಾಗತ್ತೆ."

"ಕೈಯಲ್ಲೇ ಏನಾದ್ರೂ ಬದಲಾಯಿಸಿದ್ರೆ?"

"ನಿಲ್ಲಲ್ಲ. ಆಫಾಗಿ ಆನಾಯ್ತು ಅಂದ್ರೆ ಮತ್ತೆ ಫೈಲಲ್ಲಿ ಇದ್ದಂಗೆ. ಫೈಲು ಹೇಳಿದ್ದೇ ಸತ್ಯ."

ಶೆಲ್ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋದ ಕೂಡಲೇ ನಮ್ಮೆದುರು ಬಂದು 'ಏನು ಬೇಕು' ಎಂದು ಕೇಳುವ ಪ್ರೋಗ್ರಾಮೇ ಶೆಲ್. ಆ ಫೈಲಿನಲ್ಲಿ ಶಾಂತವೀರಪ್ಪನವರ ಹೆಸರಿನ ಮುಂದೆಯೂ ಎಲ್ಲರಿಗೂ ಇದ್ದ ಮಾಮೂಲಿ ಶೆಲ್ಲೇ ಇತ್ತು.

ಮೊದಲ ಮೂರು ತಿಂಗಳು ಕೆಲಸ ನಡೆಯಿತು, ಆದರೆ ಯಾಕೋ ನಿಧಾನ. ಅವರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು ಓದುವುದನ್ನು ಗಂಗಾಂಬಿಕೆ ಕಂಡಿದ್ದಳು. ವಯಸ್ಸಾಯಿತು, ಕನ್ನಡಕ ಬದಲಾಯಿಸಬೇಕೇನೋ ಅಂದುಕೊಂಡಿದ್ದಳು. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಅವರು ಎದುರಿಗೇ ನಿಂತ ಬಸ್ಸಿನ ಬೋರ್ಡು ಬಿಟ್ಟು ಪಕ್ಕದವರನ್ನು "ಇದು ಬಾಳೆಹೊನ್ನೂರಿಗಾ?" ಎಂದು ಕೇಳಿದ್ದು ಕಿವಿಗೆ ಬಿದ್ದರೂ ಅವಳು ಅದಕ್ಕೆ ಅರ್ಥ ಕಟ್ಟಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ ಅವಳು ಲೈಬ್ರರಿಗೆ ಬಂದಾಗ ಶಾಂತವೀರಪ್ಪನವರು ಬೆನ್ನು ನೆಟ್ಟಗೆ ಇಟ್ಟುಕೊಂಡು ಟೈಪ್ ಮಾಡುತ್ತಿದ್ದರು. ಪರದೆ ನೋಡಿದಳು. ಕಾರ್ಡಿನ ಪ್ರೋಗ್ರಾಂ ಬೆಳಿಗ್ಗೆ ಹನ್ನೊಂದು ಗಂಟೆಗೇ ಏನೋ ಒಂದು ಪ್ರಶ್ನೆ ಕೇಳಿ ನಿಂತುಬಿಟ್ಟಿತ್ತು. ಹೌದು ಅಥವಾ ಇಲ್ಲ ಎಂದು ಹೇಳುವ ತನಕ ಅದು ಮುಂದೆ ಹೋಗುವಂತಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಅವರು ಹೊಡೆದದ್ದು ಒಂದಕ್ಷರವೂ ಒಳಗೆ ಹೋಗಿರಲಿಲ್ಲ. ಪಕ್ಕದಲ್ಲಿ ಮುಗಿದ ಕಾರ್ಡುಗಳನ್ನು ಅಂಚು ಸರಿಮಾಡಿ ಜೋಡಿಸಿಟ್ಟಿದ್ದರು.

"ಶಾಂತವೀರಪ್ಪನವರೇ, ಸ್ಕ್ರೀನ್ ನೋಡಿದ್ರಾ?" ಎಂದಳು ಮೆಲ್ಲಗೆ.

ಅವರ ಬೆರಳು ನಿಂತಿತು.

"ಏನಿದೆ ಅದರಲ್ಲಿ?" ಎಂದರು ಆಮೇಲೆ.

ಅಲ್ಲಿ ಎಲ್ಲವೂ ಹೊರಗೆ ಬಂತು. ಚಿಕ್ಕಂದಿನಿಂದಲೇ ಅವರಿಗೆ ಸಂಜೆಯ ಮೇಲೆ ಕಣ್ಣು ಮಂಜು. ಈಚಿನ ಆರು ವರ್ಷದಲ್ಲಿ ಹಗಲಿನದೂ ಸುತ್ತಲಿಂದ ಕಿರಿದಾಗುತ್ತಾ ಬಂದಿತ್ತು. ಬಿದಿರಿನ ಕೊಳವೆಯಲ್ಲಿ ನೋಡಿದಂತೆ ನಡುವೆ ಒಂದಿಷ್ಟು ಮಾತ್ರ ಉಳಿದಿತ್ತು. ಹತ್ತಿರ ಹಿಡಿದ ಕಾಗದದ ಅಕ್ಷರ ಒಂದೊಂದೇ ಸಿಗುತ್ತಿತ್ತು, ಪರದೆ ಮಾತ್ರ ಬರೀ ಹೊಳಪು. ಶಿವಮೊಗ್ಗದ ಕಣ್ಣಿನ ಡಾಕ್ಟರು, ಇದು ಹುಟ್ಟಿನಿಂದ ಬಂದದ್ದು, ಔಷಧಿ ಇಲ್ಲ, ನಿಧಾನಕ್ಕೆ ಪೂರ್ತಿ ಹೋಗುತ್ತದೆ ಎಂದಿದ್ದರು.

"ಕಾರ್ಡು ಏರಿಸೋದು ಹೆಂಗೋ ಲೆಕ್ಕ ಇಟ್ಟು ಮಾಡ್ತಿದ್ದೆ ತಾಯಿ. ಎಷ್ಟು ಸಲ ಯಾವ ಕೀಲಿ ಒತ್ತಿದ್ರೆ ಎಲ್ಲಿಗೆ ಹೋಗತ್ತೆ ಅಂತ. ಮಧ್ಯ ಅದೇನಾದ್ರೂ ಕೇಳಿಬಿಟ್ರೆ ನನಗೆ ಗೊತ್ತಾಗಲ್ಲ." ಸ್ವಲ್ಪ ತಡೆದು, "ಸರ್ವೀಸು ಇನ್ನು ನಾಲ್ಕೈದು ವರ್ಷ ಇದೆ. ಯಾರಿಗೂ ಹೇಳ್ಬೇಡಿ. ಕಣ್ಣಿಲ್ಲದವನನ್ನ ಲೈಬ್ರರಿಯಲ್ಲಿ ಯಾರು ಇಟ್ಕೋತಾರೆ?" ಎಂದರು.

ಗಂಗಾಂಬಿಕೆ ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಕೊಡುವಾಗ ಅದು ದೊಡ್ಡ ಮಾತೆಂದು ಅನ್ನಿಸಲಿಲ್ಲ.

ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಒಂದಿದೆ ಎಂದು ಅವಳು ಎಲ್ಲೋ ಓದಿದ್ದಳು. ಹುಡುಕಿ ತಂದು ಹಾಕಿದಳು. ಅದನ್ನೇ ಒಬ್ಬರ ಶೆಲ್ ಎಂದು ಇಟ್ಟರೆ, ಅವರು ಲಾಗಿನ್ ಆದ ಕ್ಷಣದಿಂದ ಯಂತ್ರ ಅವರೊಡನೆ ಮಾತಾಡುತ್ತದೆ. ಕೈಯಿಂದಲೇ ಒಂದು ಕಮಾಂಡ್ ಕೊಟ್ಟು ಶಾಂತವೀರಪ್ಪನವರ ಶೆಲ್ ಬದಲಾಯಿಸಿ, ಕಿವಿಗೆ ಇಯರ್‌ಫೋನ್ ಕೊಟ್ಟು ಕೂರಿಸಿದಳು. ಇಂಗ್ಲಿಷ್ ದನಿ, ಗಂಟಲು ಕಟ್ಟಿದವರ ಹಾಗೆ. ಇಂಗ್ಲಿಷ್ ಅಕ್ಷರದಲ್ಲಿ ಏರಿಸಿದ್ದ ಕನ್ನಡ ಹೆಸರುಗಳನ್ನೆಲ್ಲ ಅದು ಮುರಿದು ಮುದ್ದೆ ಮಾಡಿ ಹೇಳುತ್ತಿತ್ತು. 'ಕೃಷಿ ದರ್ಪಣ' ಎನ್ನುವುದು ಅದರ ಬಾಯಲ್ಲಿ 'ಕ್ರಿಶೈ ಡಾರ್ಪನ್' ಆಗಿತ್ತು.

"ಪಾಪ, ಅದಕ್ಕೆ ನಾಲಿಗೆ ಹೊರಳಲ್ಲ," ಎಂದರು ಶಾಂತವೀರಪ್ಪ. ಆ ವರ್ಷ ಅವಳು ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೇ ದಿನ ಗಾಳಿಮಳೆಗೆ ಕರೆಂಟು ಹೋಗಿ, ಯುಪಿಎಸ್ ಸೋತು, ಯಂತ್ರ ಆಫಾಗಿ ಮತ್ತೆ ಆನಾಯಿತು. ಶಾಂತವೀರಪ್ಪನವರು ಲಾಗಿನ್ ಆದರೆ ದನಿ ಇಲ್ಲ. ತಾವೇ ಏನೋ ಕೆಡಿಸಿದೆವೆಂದು ಗಾಬರಿಯಾಗಿ ಲ್ಯಾಬಿನವರೆಗೆ ಗೋಡೆ ಸವರಿಕೊಂಡು ಬಂದರು. ಅವಳು ಮತ್ತೆ ಕೈಯಿಂದ ಸರಿಮಾಡಿದಳು. ಮತ್ತೆ ಕರೆಂಟು ಹೋಯಿತು, ಮತ್ತೆ ಮೂಕ. ಮೂರನೇ ಸಲ ಅವಳಿಗೆ ಪ್ರಶಾಂತ ಹೇಳಿದ್ದು ನೆನಪಾಯಿತು.

ಫೈಲನ್ನೇ ತೆರೆದಳು. ಶಾಂತವೀರಪ್ಪನವರ ಹೆಸರು ಹುಡುಕಿ, ಅದರ ಮುಂದೆ ಮಾಮೂಲಿ ಶೆಲ್ ಇದ್ದ ಸಾಲನ್ನು ಅಳಿಸಿ ಓದುವ ಪ್ರೋಗ್ರಾಮಿನ ಹೆಸರು ಬರೆದಳು. ಕಮಾಂಡ್ ಕೊಟ್ಟಳು. ಈಗ ಲಾಗಿನ್ನೇ ಆಗಲಿಲ್ಲ. ಪಾಸ್‌ವರ್ಡ್ ಒಪ್ಪಿಕೊಂಡು ಮರುಕ್ಷಣ ಹೊರಕ್ಕೆ ದಬ್ಬುತ್ತಿತ್ತು. ಒಂದು ಗಂಟೆ ತಲೆಕೆಡಿಸಿಕೊಂಡ ಮೇಲೆ ಹೊಳೆಯಿತು. ಯಂತ್ರದಲ್ಲಿ ಇರಬೇಕಾದ ಪ್ರೋಗ್ರಾಮುಗಳ ಪಟ್ಟಿಯೂ ಇದೇ ಫೈಲಿನಲ್ಲಿದೆ, ಆ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಇಲ್ಲದ ಪ್ರೋಗ್ರಾಮನ್ನು ಶೆಲ್ ಮಾಡು ಎಂದರೆ ಅದಾದರೂ ಏನು ಮಾಡೀತು. ಪಟ್ಟಿಗೆ ಹೆಸರು ಸೇರಿಸಿ ಮತ್ತೆ ಕಮಾಂಡ್ ಕೊಟ್ಟಳು. ಬೇಕೆಂದೇ ಯಂತ್ರವನ್ನು ಆಫ್ ಮಾಡಿ ಆನ್ ಮಾಡಿದಳು. ಶಾಂತವೀರಪ್ಪನವರು ಪಾಸ್‌ವರ್ಡ್ ಹೊಡೆದರು. ಆ ಕಟ್ಟಿದ ಗಂಟಲು ಮಾತಾಡಿತು.

ಫೈಲಿನ ಯಾವ ಸಾಲಿನ ಪಕ್ಕವಾದರೂ, ಅದು ಯಾಕಿದೆ ಎಂದು ಓದುವವರಿಗಾಗಿ ಒಂದು ಟಿಪ್ಪಣಿ ಬರೆದಿಡಬಹುದು. ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 'ಇವರಿಗೆ ಕಣ್ಣು ಕಾಣದು, ಅದಕ್ಕಾಗಿ' ಎಂದು ಅವಳು ಬರೆಯಲು ಹೊರಟಳು. ಪ್ರಶಾಂತ ನೋಡುತ್ತಾನೆ, ಅವನು ಪ್ರಿನ್ಸಿಪಾಲರ ಹತ್ತಿರ ಮಾತಿನ ಮೇಲೆ ಮಾತು ಬಂದು ಹೇಳಿಬಿಡಬಹುದು ಅನ್ನಿಸಿತು. ಅಳಿಸಿದಳು. ಸಾಲಿನ ಪಕ್ಕ ಬರಿದಾಗಿಯೇ ಉಳಿಯಿತು.

ಅದಾದ ಮೇಲೆ ಒಂಬತ್ತು ತಿಂಗಳು ಶಾಂತವೀರಪ್ಪನವರು ಕೆಲಸ ಮಾಡಿದ್ದನ್ನು ಗಂಗಾಂಬಿಕೆ ಎಂದೂ ಮರೆಯಲಿಲ್ಲ. ದಿನಕ್ಕೆ ಅರವತ್ತು ಎಪ್ಪತ್ತು ಕಾರ್ಡು. ಒಂದು ಕಿವಿಯಲ್ಲಿ ಯಂತ್ರದ ದನಿ, ಇನ್ನೊಂದು ಕಿವಿ ಬಾಗಿಲ ಕಡೆ. ಎಷ್ಟೋ ಕಾರ್ಡನ್ನು ಅವರು ಅರ್ಧ ಓದಿ ಉಳಿದದ್ದನ್ನು ನೆನಪಿನಿಂದಲೇ ಹೊಡೆಯುತ್ತಿದ್ದರು. ಯಾವ ಪುಸ್ತಕ ಯಾವ ವರ್ಷ ಬಂತು, ಅದನ್ನು ಮೊದಲು ಕೇಳಿಕೊಂಡು ಬಂದ ವಿದ್ಯಾರ್ಥಿ ಯಾರು, ಯಾವುದು ಒದ್ದೆಯಾಗಿ ಒಣಗಿಸಿ ಇಟ್ಟದ್ದು, ಎಲ್ಲಾ ಹೇಳುತ್ತಿದ್ದರು. ಅವಳು ಬಿಡುವಿದ್ದಾಗ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆಯುತ್ತಿದ್ದಳು. ನೋಡಿದವರಿಗೆ ಸುಮ್ಮನೆ ಮಾತಾಡುತ್ತಾ ಹೋಗುವ ಹಾಗೆ ಕಾಣಲೆಂದು ಅವರು ಅವಳ ಕೈ ಹಿಡಿಯುತ್ತಿರಲಿಲ್ಲ, ಅವಳ ಹೆಜ್ಜೆಯ ಸದ್ದು ಹಿಡಿಯುತ್ತಿದ್ದರು. ಆ ತಿಂಗಳುಗಳಲ್ಲೇ ಉಳಿದಿದ್ದ ಕೊಳವೆಯೂ ಸಣ್ಣದಾಗುತ್ತಿತ್ತು. ಅದನ್ನು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

೨೦೦೯ರ ಫೆಬ್ರವರಿಯಲ್ಲಿ ಕಾಲೇಜು ನೋಡಲು ಪರಿಶೀಲನಾ ಸಮಿತಿ ಬರುವುದೆಂದು ಗೊತ್ತಾಯಿತು. ಪ್ರಿನ್ಸಿಪಾಲ್ ಮಹೇಶ್ವರ ಅವರು ಕೆಟ್ಟವರೇನಲ್ಲ. ಗಡಿಬಿಡಿಯ ಮನುಷ್ಯ, ಬಂದವರೆದುರು ಯಾವುದೂ ಕೈಕೊಡಬಾರದೆಂಬ ಆತಂಕ. ಎಲ್ಲ ಯಂತ್ರಗಳನ್ನೂ ಒಮ್ಮೆ ನೋಡಿ ಹೋಗು ಎಂದು ಪ್ರಶಾಂತನನ್ನು ಕರೆಸಿದರು. ಅವನು ಬಂದ ದಿನ ಗಂಗಾಂಬಿಕೆ ರಜೆ ಹಾಕಿ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥಕ್ಕೆ ಶೃಂಗೇರಿಗೆ ಹೋಗಿದ್ದಳು. ಅಂದು ಶನಿವಾರ, ಶಾಂತವೀರಪ್ಪನವರೂ ಮಧ್ಯಾಹ್ನದ ಬಸ್ಸಿಗೆ ಹೊರಟಾಗಿತ್ತು.

ಪ್ರಶಾಂತ ಫೈಲು ತೆರೆದು ಮೇಲಿಂದ ಕೆಳಕ್ಕೆ ಓದುತ್ತಾ ಬಂದವನು ಒಂದು ಕಡೆ ನಿಂತ. ಎಲ್ಲರಿಗೂ ಒಂದು ಶೆಲ್ಲಾದರೆ ಇವರೊಬ್ಬರಿಗೆ ಇನ್ನೇನೋ. ಯಾಕೆಂದು ಬರೆದಿಲ್ಲ.

"ಸರ್, ಶಾಂತವೀರಪ್ಪನವರಿಗೆ ಏನಾದ್ರೂ ಸ್ಪೆಷಲ್ ಬೇಕು ಅಂತ ಹೇಳಿದ್ರಾ?" ಎಂದು ಕೇಳಿದ.

"ಅವರಿಗೆ ಎಂತ ಸ್ಪೆಷಲ್ಲು ಮಾರಾಯ? ಕಾರ್ಡು ಹೊಡೀತಾರೆ, ಅಷ್ಟೇ," ಎಂದರು ಮಹೇಶ್ವರ.

ಹುಡುಗರು ಯಾರೋ ಆಟಕ್ಕೆ ಮಾಡಿದ್ದಿರಬೇಕೆಂದು ಪ್ರಶಾಂತ ಆ ಸಾಲು ತೆಗೆದು, ಪಟ್ಟಿಯಿಂದ ಪ್ರೋಗ್ರಾಮನ್ನೂ ತೆಗೆದು, ಮಾಮೂಲಿ ಶೆಲ್ ಬರೆದು ಕಮಾಂಡ್ ಕೊಟ್ಟ. ಯಂತ್ರ ಹೇಳಿದ ಹಾಗೆ ಆಯಿತು.

ಸಮಿತಿಯವರು ಬಂದದ್ದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಮೂರು ಜನ. ಲೈಬ್ರರಿಗೆ ಬಂದಾಗ ಮಹೇಶ್ವರ ಅವರು ಅಭಿಮಾನದಿಂದಲೇ ಹೇಳಿದರು: "ಇವರು ಶಾಂತವೀರಪ್ಪ. ಇಪ್ಪತ್ತೇಳು ವರ್ಷದಿಂದ ಇದ್ದಾರೆ. ಹದಿನಾರು ಸಾವಿರ ಕಾರ್ಡು ಏರಿಸಿದ್ದಾರೆ. ಒಂದು ಪುಸ್ತಕ ಹುಡುಕಿ ತೋರಿಸಿ ಶಾಂತವೀರಪ್ಪ."

ಅವರು ಕೂತು ಅಂದಿನ ಮೊದಲ ಸಲ ಲಾಗಿನ್ ಆದರು. ಇಯರ್‌ಫೋನ್ ಕಿವಿಯಲ್ಲಿತ್ತು. ತಲೆ ಸ್ವಲ್ಪ ವಾರೆ ಮಾಡಿ ಕಾದರು. ಗಂಗಾಂಬಿಕೆ ಹಿಂದೆ ಬೀರುವಿನ ಹತ್ತಿರ ನಿಂತಿದ್ದಳು. ಆ ಕಾಯುವಿಕೆ ಒಂದು ಉಸಿರಿನಷ್ಟು ಉದ್ದವಾದಾಗಲೇ ಅವಳಿಗೆ ತಿಳಿದುಹೋಯಿತು.

ದನಿ ತಡವಾಗಿದೆ ಎಂದುಕೊಂಡರೋ ಏನೋ, ಅವರು ಅಭ್ಯಾಸದಂತೆ ಕಾರ್ಡಿನ ಪ್ರೋಗ್ರಾಂ ತೆರೆಯುವ ಹೆಸರು ಹೊಡೆದರು. ಒಂದಕ್ಷರ ತಪ್ಪಿತು. ಇಪ್ಪತ್ತೇಳು ವರ್ಷದಲ್ಲಿ ಬೇರೆಯವರೆದುರು ಅವರು ಮಾಡಿದ ಮೊದಲ ತಪ್ಪು ಅದೇ ಇದ್ದೀತು. ಅಂಥ ಕಮಾಂಡ್ ಇಲ್ಲ ಎಂದು ಪರದೆ ಹೇಳಿತು. ಅವರು ಅದರ ಮೇಲೇ ಪುಸ್ತಕದ ಹೆಸರು ಹೊಡೆದರು. ಅದೂ ಇಲ್ಲ ಎಂದಿತು. ಬರೆದವರ ಹೆಸರು ಹೊಡೆದರು. ಒಂದರ ಕೆಳಗೊಂದು ಇಲ್ಲ, ಇಲ್ಲ ಎಂದು ಸಾಲು ಏರುತ್ತಿತ್ತು.

"ಏನು ಬಂದಿದೆ ಓದಿ," ಎಂದರು ಸಮಿತಿಯವರಲ್ಲಿ ಒಬ್ಬರು, ಸೌಜನ್ಯದಿಂದಲೇ.

ಶಾಂತವೀರಪ್ಪನವರು ಪರದೆಗೆ ಮುಖ ಕೊಟ್ಟು ಕೂತೇ ಇದ್ದರು. ಗಂಗಾಂಬಿಕೆ ನಾಲ್ಕು ಹೆಜ್ಜೆ ಮುಂದೆ ಬಂದು, ಯಂತ್ರ ಕೆಟ್ಟಿದೆ ಸರ್, ತಪ್ಪು ನನ್ನದು ಎಂದರೆ ಸಾಕಿತ್ತು. ಅವಳು ಬೀರುವಿನ ಹತ್ತಿರವೇ ನಿಂತಳು. ಕೇಳದೆ ಫೈಲು ಮುಟ್ಟಿದವಳು ತಾನೆಂದು ಗೊತ್ತಾಗುತ್ತದೆ ಎನ್ನುವ ಭಯ ಅವಳ ನಾಲಿಗೆ ಹಿಡಿದಿತ್ತು.

"ಇದು ಮಾತಾಡ್ತಾ ಇಲ್ಲ," ಎಂದರು ಶಾಂತವೀರಪ್ಪ, ಯಾರಿಗೆಂದು ಇಲ್ಲದೆ.

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಮಹೇಶ್ವರ ಅವರು ಬಗ್ಗಿ ಅವರ ಕಣ್ಣೆದುರು ಕೈ ಆಡಿಸಿದರು. ಕಣ್ಣು ಕದಲಲಿಲ್ಲ.

ಹದಿನೈದು ದಿನದಲ್ಲಿ ಎಲ್ಲಾ ಮುಗಿಯಿತು. ಅನಾರೋಗ್ಯದ ಕಾರಣ ಸ್ವಇಚ್ಛೆಯಿಂದ ನಿವೃತ್ತಿ ಎಂಬ ಪತ್ರ ತಯಾರಾಯಿತು. ಮಹೇಶ್ವರ ಅವರ ಕೋಣೆಯಲ್ಲಿ ಅದನ್ನು ಮುಂದಿಟ್ಟಾಗ ಶಾಂತವೀರಪ್ಪನವರು ಮೂಗಿನ ಹತ್ತಿರ ಹಿಡಿದು ನಾಲ್ಕು ಸಾಲಾದರೂ ಓದಿಕೊಳ್ಳಬಹುದಿತ್ತು. ಅವರೆದುರು ಹಾಗೆ ಓದಲು ಮನಸ್ಸು ಬರಲಿಲ್ಲ. ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.

ಪ್ರಶಾಂತ ವಿಷಯ ತಿಳಿದು ಫೋನ್ ಮಾಡಿದ. ಅವನ ದನಿ ಇಳಿದುಹೋಗಿತ್ತು. "ಪಕ್ಕದಲ್ಲಿ ಒಂದು ಸಾಲು ಬರ್ದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ ಮೇಡಂ," ಎಂದ. ಶಾಂತವೀರಪ್ಪನವರ ಖಾತೆ ಮುಚ್ಚಬೇಕೆಂದು ಆಫೀಸಿನಿಂದ ಚೀಟಿ ಬಂದಿತ್ತು. ಹೆಸರನ್ನೇ ಅಳಿಸಿದರೆ ಅವರು ಏರಿಸಿದ ಕಾರ್ಡುಗಳು ಯಾರವು ಎಂದು ಗೊತ್ತಾಗದೆ ಹೋಗುತ್ತದೆ, ಹೆಸರು ಇರಲಿ, ಒಳಗೆ ಬಿಡದ ಶೆಲ್ ಒಂದಿದೆ ಅದನ್ನು ಇಡಿ ಎಂದು ಪ್ರಶಾಂತನೇ ಹೇಳಿಕೊಟ್ಟ. ಹೆಸರೂ ಪಾಸ್‌ವರ್ಡೂ ಸರಿಯಿದ್ದರೂ ಆ ಶೆಲ್ ಮಾಡುವುದು ಒಂದೇ ಕೆಲಸ, ಬಂದವರನ್ನು ಬಾಗಿಲಿಂದಲೇ ಕಳಿಸುವುದು. ಗಂಗಾಂಬಿಕೆ ಬರೆದಳು. ಕಮಾಂಡ್ ಮೊದಲ ಸಲಕ್ಕೇ ಆಯಿತು. ಅಂದು ಅವಳು ಮಧ್ಯಾಹ್ನದ ಊಟ ಮಾಡಲಿಲ್ಲ.

ಮಳೆ ಹಿಡಿಯುವ ಮುಂಚೆ ಅವಳು ಕೊಪ್ಪಕ್ಕೆ ಹೋಗಿ ಶೇಷಪ್ಪ ಎನ್ನುವ ವಕೀಲರನ್ನು ಕಂಡಳು. ಅವರು ಕೇಳಿಸಿಕೊಂಡು, "ತೊಂಬತ್ತೈದರದ್ದು ಅಂಗವಿಕಲರ ಕಾಯಿದೆ ಉಂಟಲ್ಲ ಅಮ್ಮ. ಕೆಲಸದಲ್ಲಿ ಇದ್ದಾಗ ಕಣ್ಣು ಹೋದವರನ್ನ ತೆಗೀಬಾರದು, ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡ್ಬೇಕು. ಅನುದಾನಿತ ಕಾಲೇಜು, ಅವರಿಗೂ ಅನ್ವಯ ಅಂತ ವಾದ ಮಾಡಬಹುದಿತ್ತು," ಎಂದರು. "ಮುಚ್ಚಿಡದೆ ಮೊದಲೇ ಬರೆದುಕೊಟ್ಟಿದ್ರೆ ಸುಲಭ ಇತ್ತು. ಈಗ ಅವರೇ ಇಚ್ಛೆಯಿಂದ ಬಿಟ್ಟಿದ್ದು ಅಂತ ಸಹಿ ಇದೆ. ಆದರೂ ಅವರು ಬರಲಿ, ನೋಡುವ."

ಅದೇ ವಾರ ಭಾನುವಾರ ಅವಳು ಬಾಳೆಹೊನ್ನೂರಿನ ಬಸ್ಸು ಹತ್ತಿದಳು. ಕರಿಯಕ್ಕ ಬಾಗಿಲಲ್ಲೇ ನಿಂತು ನೋಡಿ, ಒಳಗೆ ಬಾ ಎನ್ನದೆ ಬದಿಗೆ ಸರಿದಳು. ಶಾಂತವೀರಪ್ಪನವರು ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಎರಡು ಮೂರು ತಿಂಗಳಲ್ಲಿ ಸೊರಗಿದ್ದರು. ವಿಭೂತಿಯ ಗೆರೆ ವಾರೆಯಾಗಿತ್ತು.

ಅವಳು ವಕೀಲರು ಹೇಳಿದ್ದನ್ನೆಲ್ಲ ಹೇಳಿದಳು. ಅವರು ತಾಳ್ಮೆಯಿಂದ ಕೇಳಿದರು.

"ಬೇಡ ತಾಯಿ," ಎಂದರು. "ನಾನು ಕಣ್ಣಿದೆ ಅಂತ ಒಂದು ವರ್ಷ ಎಲ್ಲರ ಹತ್ರ ನಟಿಸಿದೆ. ಈಗ ಕೋರ್ಟಲ್ಲಿ ನಿಂತು ಇಲ್ಲ, ಇಲ್ಲ ಅಂತ ರುಜುವಾತು ಮಾಡ್ಬೇಕು. ಅದು ನನ್ನ ಕೈಲಾಗಲ್ಲ."

"ನನ್ನಿಂದ ಆಯ್ತು ಇದು," ಎಂದಳು ಅವಳು.

"ಮುಚ್ಚಿಡಿ ಅಂದಿದ್ದು ನಾನು."

ಒಳಗೆ ಕರಿಯಕ್ಕ ಪಾತ್ರೆ ಎತ್ತಿಡುವ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳುತ್ತಿತ್ತು.

"ಆ ದಿನ ನೀವು ಬೀರು ಹತ್ರ ನಿಂತಿದ್ರಿ ಅಲ್ವಾ?" ಎಂದರು ಶಾಂತವೀರಪ್ಪ. "ಬಳೆ ಸದ್ದು ಕೇಳಿತ್ತು. ಮುಂದೆ ಬರ್ತೀರಿ ಅಂದ್ಕೊಂಡೆ."

ಗಂಗಾಂಬಿಕೆ ಕೈಯ ಬಳೆಗಳನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಳು.

"ನೀವು ಬಂದು ಹೇಳಿದ್ರೂ ಇವತ್ತಲ್ಲ ನಾಳೆ ಗೊತ್ತಾಗ್ತಿತ್ತು ಬಿಡಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು ಎಂದು ಅವಳಿಗೆ ಬಸ್ಸಿನಲ್ಲಿ ಕೂತ ಮೇಲೆ ಅನ್ನಿಸಿತು.

ಮತ್ತೆ ಅವಳು ಆ ಮನೆಗೆ ಹೋಗಲಿಲ್ಲ. ಹೋಗಬೇಕೆಂದು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಬಂದು ತಿರುಗಿದಳು. ಜುಲೈನಲ್ಲಿ ಅವಳೇ ಒಂದು ಅರ್ಜಿ ಬರೆದು, ನಡೆದದ್ದನ್ನೆಲ್ಲ ತನ್ನ ಹೆಸರಿನಲ್ಲಿ ಒಪ್ಪಿಕೊಂಡು, ಅವರಿಗೆ ಬೇರೆ ಕೆಲಸ ಕೊಡಿ ಎಂದು ಆಡಳಿತ ಮಂಡಳಿಗೆ ಕೊಟ್ಟಳು. ಸಂಬಂಧಪಟ್ಟವರು ಖುದ್ದು ಅರ್ಜಿ ಕೊಟ್ಟರೆ ಪರಿಶೀಲಿಸಲಾಗುವುದು ಎಂದು ಎರಡು ಸಾಲಿನ ಉತ್ತರ ಬಂತು. ಅದರ ಜೊತೆಗೇ, ಅನುಮತಿ ಇಲ್ಲದೆ ಯಂತ್ರದ ವ್ಯವಸ್ಥೆ ಬದಲಾಯಿಸಿದ್ದಕ್ಕೆ ಅವಳಿಗೊಂದು ಎಚ್ಚರಿಕೆ ಪತ್ರ. ಫೈಲು ಮುಟ್ಟುವ ಅಧಿಕಾರವನ್ನು ಅವಳಿಂದ ತೆಗೆದರು. ಲ್ಯಾಬಿನಲ್ಲಿ ಪಾಠ ಹೇಳುವುದಷ್ಟೇ ಉಳಿಯಿತು.

ಶಾಂತವೀರಪ್ಪನವರು ಅರ್ಜಿ ಕೊಡಲಿಲ್ಲ. ಉಳಿದ ಆರು ಸಾವಿರ ಕಾರ್ಡನ್ನು ಏರಿಸಲು ಮಂಡಳಿ ಯಾರನ್ನೂ ಹಾಕಲಿಲ್ಲ. ದೀಪಾವಳಿಯ ಹೊತ್ತಿಗೆ ಬಾಳೆಹೊನ್ನೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು, ಅವರಿಗೆ ಈಗ ಬೆಳಕು ಕತ್ತಲೆ ಎರಡೂ ಒಂದೇ ಆಗಿದೆಯಂತೆ, ಅಂಗಳಕ್ಕೂ ಅಕ್ಕನೇ ಕೈಹಿಡಿದು ಕರೆದುಕೊಂಡು ಹೋಗಬೇಕಂತೆ ಎಂದು ಹೇಳಿದಳು. ಗಂಗಾಂಬಿಕೆ ಕೇಳಿಸಿಕೊಂಡು, ಹಾಜರಿ ಪುಸ್ತಕ ತೆರೆದು, ಮುಂದಿನ ಹೆಸರು ಕರೆದಳು.